ಕಾಶಿಯಲ್ಲಿ ಬಿಟ್ಟ ಸೀಬೆಹಣ್ಣು

ಪೊಂಗಲ್ ಕಳೆದ ಮೇಲಿನ ಶನಿವಾರ ಅದು. ಎಗ್ಮೋರ್ ಸ್ಟೇಷನ್ನಿಗೆ ಹತ್ತಿರದ ಸಭಾಂಗಣವೊಂದರಲ್ಲಿ ರೈಲ್ವೆ ನೌಕರರಿಗಾಗಿ ರಕ್ತದಾನ ಶಿಬಿರ ನಡೆದಿತ್ತು. ಆಸ್ಪತ್ರೆಯಿಂದ ಬಂದಿದ್ದ ತಂಡದಲ್ಲಿ ಎಲ್ಲರಿಗಿಂತ ಹೊಸಬಳು ವೀಕ್ಷಾ. ಅವಳು ಆಹಾರ ತಜ್ಞೆ. ಹನೂರು ಕಡೆಯ ಹಳ್ಳಿಯಿಂದ ಓದಿ ಬಂದು ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ಹಾಗಾಗಿ ಅವಳ ಮೇಜನ್ನು ಒಂದು ಕಂಬದ ಮರೆಗೆ, ತಿರುಗದ ಫ್ಯಾನಿನ ಕೆಳಗೆ ಹಾಕಿದ್ದರು. ಮೇಜಿನ ಮೇಲೆ ತಮಿಳಿನಲ್ಲಿ ಅಚ್ಚು ಮಾಡಿಸಿದ ಕರಪತ್ರಗಳು, ಪಕ್ಕದ ತಟ್ಟೆಯಲ್ಲಿ ನಾಲ್ಕಾರು ಸೀಬೆಹಣ್ಣು. ಹಣ್ಣನ್ನು ಬೆಳಿಗ್ಗೆ ಅವಳೇ ಕೊಂಡು ತಂದಿದ್ದಳು. ಬರೀ ಬಾಯಲ್ಲಿ ಹೇಳಿದ್ದನ್ನು ಜನ ಮರೆಯುತ್ತಾರೆ, ಕಣ್ಣಿಗೆ ಕಂಡದ್ದನ್ನು ಮರೆಯುವುದಿಲ್ಲ ಎಂಬುದು ಅವಳ ನಂಬಿಕೆ.

ಬಾಗಿಲ ಬಳಿಯ ಮೇಜಿನಲ್ಲಿ ಬಂದವರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಲೋಟದ ನೀಲಿ ದ್ರವಕ್ಕೆ ಬಿಡುತ್ತಿದ್ದರು. ಹನಿ ಮುಳುಗಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ, ಒಳಗೆ ಹೋಗಿ ಮಂಚದ ಮೇಲೆ ಮಲಗಬಹುದು. ತೇಲಿದರೆ ಇಲ್ಲ. ಅಂಥವರನ್ನು ವೀಕ್ಷಾಳ ಹತ್ತಿರ ಕಳಿಸುತ್ತಿದ್ದರು. ಅವರೋ ಕರಪತ್ರ ಈಸಿಕೊಂಡು, ತಲೆಯಾಡಿಸಿ, ಹೋಗಿಬಿಡುತ್ತಿದ್ದರು.

ಹನ್ನೊಂದರ ಸುಮಾರಿಗೆ ಒಬ್ಬ ಹೆಂಗಸು ಬಂದರು. ತುಂಬು ಮೈ, ಗಂಜಿ ಹಾಕಿದ ಹಳದಿ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕೊರಳಲ್ಲಿ ರೈಲ್ವೆಯ ಗುರುತಿನ ಚೀಟಿ. ಹತ್ತಿ ಒತ್ತಿ ಹಿಡಿದ ಬೆರಳನ್ನು ಮುಖದ ಎದುರಿಗೆ ಎತ್ತಿಕೊಂಡು, ಅದರ ಜೊತೆಗೇ ಜಗಳವಾಡುತ್ತಾ ಬಂದರು.

"ನಿನ್ ಮನೆ ಕಾಯ್ವಾಗ, ತೇಲಿಬಿಡೋದಾ! ಮುಳುಗೋಕೆ ಏನಾಗಿತ್ತು ನಿಂಗೆ?"

ವೀಕ್ಷಾ ತಟ್ಟನೆ ತಲೆಯೆತ್ತಿದಳು. "ಕನ್ನಡದೋರಾ ನೀವು?"

"ಬೈಯೋದು ಮಾತ್ರ ಕನ್ನಡದಲ್ಲಿ ಕಣಮ್ಮ. ಮಿಕ್ಕಿದ್ದೆಲ್ಲ ತಮಿಳಲ್ಲೇ ಆಗೋಗುತ್ತೆ." ಅವರು ಕುರ್ಚಿ ಎಳೆದುಕೊಂಡು ಕೂತರು. "ನಾನು ನಾಗಮಣಿ. ಮಧುಗಿರಿ ಕಡೆಯೋಳು. ಇಲ್ಲೇ ಎಗ್ಮೋರಲ್ಲಿ ಎನ್‌ಕ್ವೈರಿ ಕೌಂಟರು. ನಿಂದು ಯಾವೂರು? ಮದುವೆ ಆಯ್ತಾ? ಊಟಕ್ಕೆ ಏನ್ ಮಾಡ್ತೀಯ?"

ಮೂರು ಪ್ರಶ್ನೆಗೂ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ವೀಕ್ಷಾ ತಾನು ಕೇಳಬೇಕಾದದ್ದನ್ನೇ ಮರೆತಿದ್ದಳು. ನೆನಪಿಸಿಕೊಂಡು ಅಂದಳು: "ಬೇಜಾರು ಮಾಡ್ಕೋಬೇಡಿ ಅಮ್ಮ. ಮುಂದಿನ ವರ್ಷದ ಶಿಬಿರಕ್ಕೆ ಸರಿಹೋಗುತ್ತೆ."

"ಮುಂದಿನ ವರ್ಷ ಎಲ್ಲಿಂದ ಬರುತ್ತೆ? ಜೂನಿಗೆ ನಂಗೆ ಅರವತ್ತು. ಮೊದಲನೇ ಸಲ ಕೊಡೋರು ಅರವತ್ತರ ಒಳಗೇ ಕೊಡಬೇಕಂತೆ. ಒಂದು ಸಲ ಕೊಟ್ಟಿದ್ರೆ ಅರವತ್ತೈದರವರೆಗೂ ಕೊಡಬಹುದಂತೆ. ಇದ್ಯಾವ ನ್ಯಾಯ? ಮೂವತ್ತು ವರ್ಷದಿಂದ ಕೊಡ್ತೀನಿ ಕೊಡ್ತೀನಿ ಅಂದ್ಕೊಂಡು ಈಗ ಬಂದ್ರೆ ಈ ಬೆರಳು ಹಿಂಗೆ ಮಾಡೋದಾ?"

ವೀಕ್ಷಾ ನಿಯಮವನ್ನು ಮನಸ್ಸಿನಲ್ಲೇ ನೆನೆದು ನೋಡಿದಳು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. "ಕೊಡಲೇಬೇಕು ಅಂತ ಯಾಕಮ್ಮ ಅಷ್ಟು?"

ನಾಗಮಣಿ ಹತ್ತಿಯನ್ನು ಉಂಡೆ ಮಾಡಿ ಬುಟ್ಟಿಗೆ ಎಸೆದರು. ಮಗಳು ಶ್ರೀಯಾ ಹುಟ್ಟುವಾಗ ರಕ್ತ ಹರಿದು ನಿಲ್ಲದೆ, ಅವರು ಎರಡು ದಿನ ಕಣ್ಣು ಬಿಟ್ಟಿರಲಿಲ್ಲವಂತೆ. ಯಾರೋ ಇಬ್ಬರು ಬಂದು ರಕ್ತ ಕೊಟ್ಟು, ಎಗ್ಮೋರಿನಲ್ಲಿ ಗಾಡಿ ಹಿಡಿಯಬೇಕು ಅಂತ ಓಡಿದರಂತೆ. ಹೆಸರಿಲ್ಲ, ಊರಿಲ್ಲ. ನರ್ಸು ಹೇಳಿದ್ದು ಅಷ್ಟೇ.

"ಆಮೇಲೆ ನನಗೆ ಪೋಸ್ಟಿಂಗ್ ಆಗಿದ್ದೂ ಇದೇ ಎಗ್ಮೋರಿಗೆ. ಕಿಟಕಿಗೆ ಬಂದು ನಿಂತೋರ ಮುಖ ನೋಡಿದಾಗೆಲ್ಲ ಅನ್ಸುತ್ತೆ, ಇವನೇ ಇದ್ರೂ ಇರಬಹುದಲ್ಲ ಅಂತ. ಅದಕ್ಕೇ ನಾನು ಯಾರನ್ನೂ ಗದರಲ್ಲಮ್ಮ. ಒಂದೇ ಗಾಡೀನ ಹತ್ತು ಸಲ ಕೇಳಿದ್ರೂ ಹೇಳ್ತೀನಿ."

ವೀಕ್ಷಾ ಕುರ್ಚಿಯನ್ನು ಮುಂದಕ್ಕೆ ಜರುಗಿಸಿ ಕೂತಳು. ಇಂಥ ರೋಗಿಗಾಗಿಯೇ ಅವಳು ಓದಿದ್ದು.

"ಮೊದಲು ಡಾಕ್ಟರ್ ಹತ್ರ ತೋರಿಸ್ಕೊಳ್ಳಿ. ರಕ್ತ ಯಾಕೆ ಕಮ್ಮಿ ಆಯ್ತು ಅಂತ ಗೊತ್ತಾಗಬೇಕು. ಮಾತ್ರೆ ಕೊಟ್ರೆ ತಗೊಳ್ಳಿ. ಊಟದ್ದು ನಾನು ಹೇಳ್ತೀನಿ. ರಾಗಿ ತಿಂತೀರಾ?"

"ಮಧುಗಿರಿಯೋಳನ್ನ ರಾಗಿ ತಿಂತೀಯಾ ಅಂತ ಕೇಳ್ತೀಯಲ್ಲ."

"ಸೊಪ್ಪು? ಕಾಳು?"

"ದಿನಾ."

"ಹಂಗಾದ್ರೆ ಕಬ್ಬಿಣದ ಅಂಶ ಹೊಟ್ಟೆವರೆಗೂ ಬರ್ತಾ ಇದೆ. ಆದ್ರೆ ಗಿಡದಿಂದ ಬರೋ ಕಬ್ಬಿಣಕ್ಕೆ ಸಂಕೋಚ ಜಾಸ್ತಿ ಅಮ್ಮ. ಹೊಸಲಲ್ಲೇ ನಿಂತ್ಕೊಳ್ಳುತ್ತೆ, ರಕ್ತದೊಳಕ್ಕೆ ಹೋಗಲ್ಲ. ಕೈ ಹಿಡಿದು ಒಳಗೆ ಕರಕೊಂಡು ಹೋಗೋದು ವಿಟಮಿನ್ ಸಿ." ಅವಳು ತಟ್ಟೆಯಿಂದ ಒಂದು ಹಣ್ಣನ್ನೆತ್ತಿ ಅವರ ಅಂಗೈಯಲ್ಲಿಟ್ಟಳು. "ಇದರಲ್ಲಿರೋವಷ್ಟು ದಿನಬಳಕೆಯ ಬೇರೆ ಯಾವ ಹಣ್ಣಲ್ಲೂ ಸಿಗೋದು ಕಷ್ಟ. ಕಿತ್ತಳೆಗಿಂತ ನಾಲ್ಕು ಪಟ್ಟು. ಸಿಪ್ಪೆ ಸಮೇತ ತಿನ್ನಬೇಕು, ಸಿಪ್ಪೆಯಲ್ಲೇ ಜಾಸ್ತಿ. ನಾರಿನ ಅಂಶ ಇದೆ, ಹೊಟ್ಟೆಗೆ ಒಳ್ಳೇದು. ಸಕ್ಕರೆ ಕಮ್ಮಿ. ಮಧ್ಯಾಹ್ನ ಊಟದ ಜೊತೆಗೇ ಒಂದು ತಿಂದುಬಿಡಿ. ಊಟದ ಜೊತೆ ಕಾಫಿ, ಟೀ ಮಾತ್ರ ಬೇಡ."

ನಾಗಮಣಿ ಅಂಗೈಯ ಹಣ್ಣನ್ನೇ ನೋಡಿದರು. ಮೂಗಿನ ಹತ್ತಿರ ತಂದು, ಮತ್ತೆ ದೂರ ಹಿಡಿದರು.

"ಕೊಯ್ಯಾನಾ?" ಎಂದರು, ಸೀಬೆಯ ತಮಿಳು ಹೆಸರು ಹಿಡಿದು. ದನಿ ಇಳಿದಿತ್ತು. ಆಮೇಲೆ ಕೌಂಟರಿನ ನಗು ಮುಖಕ್ಕೆ ಬಂತು. "ಸರಿ ಮಾ. ನೀನು ಇಷ್ಟು ಹೇಳ್ತಿದೀಯ. ಹಂಗೇ ಮಾಡೋಣ."

ಅಂದಿನಿಂದ ವೀಕ್ಷಾಳ ಫೋನಿಗೆ ವಾರಕ್ಕೊಂದು ಚಿತ್ರ ಬರತೊಡಗಿತು. ಒಂದು ಸಲ ಬುಟ್ಟಿಯ ತುಂಬ ಬಿಳಿ ಸೀಬೆ, ಒಂದು ಸಲ ಕೆಂಪು ತಿರುಳಿನದು, ಒಂದು ಸಲ ಮಾರುವವನ ತಳ್ಳುಗಾಡಿಯೇ. ಕೆಳಗೆ ಒಂದೇ ಸಾಲು: 'ಇವತ್ತು ಒಂದು ಕಿಲೋ ತಗೊಂಡೆ'. ವೀಕ್ಷಾ ಆ ಚಿತ್ರಗಳನ್ನು ಜೋಪಾನವಾಗಿಟ್ಟಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಬೇರೆ ಕಾಯಿಲೆಯೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ಕಬ್ಬಿಣದ ಮಾತ್ರೆ ಬರೆದಿದ್ದರು. ಮಾತ್ರೆ, ಮುದ್ದೆ, ಸೊಪ್ಪು, ಮೇಲೆ ಸೀಬೆ. ಇನ್ನೇನು ಬೇಕು?

ಫೆಬ್ರವರಿ ಕೊನೆಗೆ ರಕ್ತ ಪರೀಕ್ಷೆಯಾಯಿತು. ಹನ್ನೆರಡೂವರೆ ಇರಬೇಕಾದ ಹಿಮೋಗ್ಲೋಬಿನ್ ಜನವರಿಯಲ್ಲಿ ಹನ್ನೊಂದು ಚಿಲ್ಲರೆ ಇತ್ತು. ಈಗಲೂ ಅಲ್ಲೇ ಕೂತಿತ್ತು.

ವೀಕ್ಷಾಳಿಗೆ ಆ ದಿನ ಊಟ ಸೇರಲಿಲ್ಲ. ಪುಸ್ತಕ ತೆಗೆದು ಮತ್ತೆ ಓದಿದಳು. ಎಲ್ಲೂ ತಪ್ಪು ಕಾಣಲಿಲ್ಲ. ಮಾರನೆಯ ದಿನ ಕೆಲಸ ಮುಗಿಸಿ ನೇರ ಎಗ್ಮೋರಿಗೆ ಹೋದಳು.

ಎನ್‌ಕ್ವೈರಿ ಕಿಟಕಿಯ ಹಿಂದೆ ನಾಗಮಣಿ ಒಬ್ಬ ಅಜ್ಜನಿಗೆ ಮದುರೆ ಗಾಡಿಯ ವಿಷಯ ಹೇಳುತ್ತಿದ್ದರು. ಅಜ್ಜ ಕೇಳಿದ್ದನ್ನೇ ಕೇಳುತ್ತಿದ್ದ, ಅವರು ಹೇಳಿದ್ದನ್ನೇ ಹೇಳುತ್ತಿದ್ದರು, ಪ್ರತಿ ಸಲವೂ ಮೊದಲ ಸಲ ಹೇಳುವಷ್ಟೇ ಸಮಾಧಾನವಾಗಿ. ಪಕ್ಕದ ಕುರ್ಚಿಯಲ್ಲಿದ್ದ ಗುಮಾಸ್ತ ಅಭಿಲಾಷ್ ವೀಕ್ಷಾಳನ್ನು ಕಂಡವನೇ ಎದ್ದು ಬಾಗಿಲಿಗೆ ಬಂದ. ಅವನ ತಾಯಿಯ ಕಡೆಯವರು ಮಂಗಳೂರಿನವರು. ಕನ್ನಡ ತಮಿಳು ಎರಡನ್ನೂ ಒಂದೇ ಉಸಿರಿನಲ್ಲಿ ಮಾತಾಡುವವನು.

"ಕೊಯ್ಯಾ ಡಾಕ್ಟರ್ ನೀವೇ ಅಲ್ವಾ?"

"ಡಾಕ್ಟರ್ ಅಲ್ಲ, ಆಹಾರ ತಜ್ಞೆ."

"ಯಾರಾದ್ರೂ ಆಗಿ, ನಿಮಗೆ ಕೋಟಿ ಪುಣ್ಯ. ನನ್ನ ಮೂರು ವರ್ಷದ ಮಲಬದ್ಧತೆ, ಮೂರು ವಾರದಲ್ಲಿ ಪೋಯೇ ಪೋಚ್, ಹೋಗೇ ಹೋಯ್ತು! ಪಾರ್ಸೆಲ್ ಆಫೀಸಿನವರು ಕೂಡ ಬಂದು ಕೇಳ್ತಾರೆ, ಇವತ್ತು ಕೊಯ್ಯಾ ಬಂತಾ ಅಂತ. ಮೇಡಂ ದಿನಾ ಹೆಚ್ಚಿ, ಉಪ್ಪು ಖಾರ ಹಾಕಿ, ಡಬ್ಬಿ ತುಂಬ ತರ್ತಾರೆ."

"ಅವರು ಎಷ್ಟು ತಿಂತಾರೆ?"

"ಅವರಾ?" ಅಭಿಲಾಷ್ ತಲೆ ಕೆರೆದುಕೊಂಡ. "ಅವರು ಒಂದು ಚೂರೂ ಬಾಯಿಗೆ ಹಾಕಿದ್ದು ನಾನು ನೋಡಿಲ್ಲ."

ಅಜ್ಜನನ್ನು ಕಳಿಸಿ ಹೊರಗೆ ಬಂದ ನಾಗಮಣಿ ಇಬ್ಬರ ಮುಖವನ್ನೂ ನೋಡಿ ವಿಷಯ ತಿಳಿದುಕೊಂಡರು.

"ಅಮ್ಮ, ನಾನು ನಿಮಗೆ ಹೇಳಿದ್ದು. ಸದರನ್ ರೈಲ್ವೆಗಲ್ಲ," ಎಂದಳು ವೀಕ್ಷಾ. ಕೋಪ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಅಳು.

"ಬೈಯಬೇಡ ಕಣೇ. ಭಾನುವಾರ ಅಣ್ಣಾ ನಗರಕ್ಕೆ ಬಾ, ಮನೆಗೆ. ಮುದ್ದೆ ಮಾಡ್ತೀನಿ, ಬಸ್ಸಾರು ಮಾಡ್ತೀನಿ. ಉಂಡ ಮೇಲೆ ಎಲ್ಲ ಹೇಳ್ತೀನಿ. ಇಲ್ಲಿ ನಿಂತು ಹೇಳೋ ಮಾತಲ್ಲ ಅದು."

ಭಾನುವಾರ ವೀಕ್ಷಾ ಎರಡು ಮುದ್ದೆ ಉಂಡಳು. ಊರು ಬಿಟ್ಟ ಮೇಲೆ ಅಂಥ ಸಾರು ಅವಳ ನಾಲಗೆ ಕಂಡಿರಲಿಲ್ಲ. ನಾಗಮಣಿಯವರ ಗಂಡ ಶ್ರೀಕಾಂತ್ ಎದುರಿಗೆ ಕೂತು, ಕಟ್ಟಿಸಿದ ಹಲ್ಲಿಗೆ ಮುದ್ದೆಯೇ ಸರಿ, ಅಗಿಯುವ ಕೆಲಸವಿಲ್ಲ ಎಂದು ಹೊಗಳುತ್ತಾ ಉಂಡರು. ವಿಮಾ ಕಂಪನಿಯಿಂದ ನಿವೃತ್ತರಾಗಿ ಏಳು ವರ್ಷವಾದ ಮನುಷ್ಯ. ಮಾತಿಗೊಂದು ತಮಾಷೆ ಸೇರಿಸದಿದ್ದರೆ ಅವರಿಗೆ ಮಾತು ಮುಗಿಯುತ್ತಿರಲಿಲ್ಲ. ಕೈ ತೊಳೆದದ್ದೇ ತಡ, ಅವರು ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ನುಗ್ಗಿದರು. ಒಳಗಿನಿಂದ ಡಿಕಾಕ್ಷನ್ನಿನ ಘಮ ಬಂತು. ಸ್ವಲ್ಪ ಹೊತ್ತಿಗೆ ನೊರೆ ತುಂಬಿದ ಮೂರು ಲೋಟ ಹಿಡಿದು ಬಂದರು. ನಾಗಮಣಿಯವರ ತಟ್ಟೆಯಲ್ಲಿ ಲೋಟದ ಪಕ್ಕದಲ್ಲೇ ಒಂದು ಕಬ್ಬಿಣದ ಮಾತ್ರೆ.

"ಈ ಮನೇಲಿ ನನ್ನ ಡ್ಯೂಟಿ ಇದೊಂದೇ ಮಗೂ. ಊಟ ಆದ ಕೂಡಲೇ ಅವಳಿಗೆ ಕಾಫಿ. ಮದುವೆ ಆದಾಗಿನಿಂದ ಒಂದು ದಿನವೂ ತಪ್ಪಿಲ್ಲ. ಈಗ ಮಾತ್ರೆ ಬೇರೆ ಸೇರಿದೆ, ಎರಡನ್ನೂ ಒಟ್ಟಿಗೇ ಕೊಟ್ಟುಬಿಡ್ತೀನಿ."

ನಾಗಮಣಿ ಮಾತ್ರೆಯನ್ನು ನಾಲಗೆಯ ಮೇಲಿಟ್ಟು, ಲೋಟ ಎತ್ತಿ, ಗಟಕ್ಕನೆ ಒಂದು ಗುಟುಕು ಕುಡಿದರು.

"ಅಮ್ಮಾ!" ವೀಕ್ಷಾ ಕುರ್ಚಿಯಿಂದ ಎದ್ದುಬಿಟ್ಟಳು. "ಊಟದ ಜೊತೆ ಕಾಫಿ ಬೇಡ ಅಂದಿದ್ನಲ್ಲ!"

"ಊಟದ ಜೊತೆ ಎಲ್ಲಿ ಕುಡಿದೆ? ಕೈ ತೊಳ್ಕೊಂಡೆನಲ್ಲ."

"ಕೈ ತೊಳೆದಿದ್ದು ಹೊಟ್ಟೆಗೆ ಹೆಂಗಮ್ಮ ಗೊತ್ತಾಗುತ್ತೆ? ಕಾಫಿಯಲ್ಲಿರೋ ಒಗರು ಕಬ್ಬಿಣಾನ ಹಿಡಿದು ಕಟ್ಟಿಹಾಕಿಬಿಡುತ್ತೆ. ಮುದ್ದೆಯದ್ದು, ಸೊಪ್ಪಿನದ್ದು, ಈಗ ಮಾತ್ರೆಯದ್ದೂ. ಊಟಕ್ಕೆ ಮುಂಚೆ ಒಂದು ಗಂಟೆ, ಆಮೇಲೆ ಎರಡು ಗಂಟೆ ಕಾಫಿ ಹತ್ರ ಹೋಗಬಾರದು."

ಶ್ರೀಕಾಂತ್ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. "ಅಂದ್ರೆ ಇವಳ ರಕ್ತ ಕಟ್ಟಿಹಾಕ್ತಾ ಇದ್ದಿದ್ದು ನಾನೇನಾ?"

"ನೀವೊಬ್ಬರೇ ಅಲ್ಲ ಅಂಕಲ್. ಇವರು ಸೀಬೆಹಣ್ಣನ್ನೂ ತಿಂತಾ ಇಲ್ಲ. ಯಾಕೆ ಅಂತ ಹೇಳೋಕೆ ಕರೆದಿದ್ರು."

ನಾಗಮಣಿ ಗಂಡನ ಮುಖ ನೋಡಿ ನಕ್ಕರು. "ಯಾಕೆ ಅಂತ ಇವರಿಗೇ ಗೊತ್ತಲ್ಲ. ಇವರು ರಿಟೈರ್ ಆದ ವರ್ಷ ಕಾಶಿಯಲ್ಲಿ ಬಿಟ್ಟಿದ್ದು."

"ಕಾಶಿಯಲ್ಲಿ ಬಿಟ್ಟಿದ್ದು ನಾನು!" ಎಂದರು ಶ್ರೀಕಾಂತ್. "ನೀನು ಯಾಕೆ ಬಿಟ್ಟೆ?"

"ಸಂಕಲ್ಪ ಮಾಡೋವಾಗ ನಾನು ನಿಮ್ಮ ಕೈ ಮುಟ್ಕೊಂಡಿರಲಿಲ್ವಾ? ಸೊಂಟದುದ್ದ ನೀರಲ್ಲಿ ನಿಂತು, ನಿಮ್ಮ ಬಲಗೈ ಮುಟ್ಕೊಂಡು? ಅಂದ ಮೇಲೆ ಇಬ್ಬರದೂ ಸೇರಿತಲ್ಲ."

ವೀಕ್ಷಾಳಿಗೆ ವಿಷಯ ತಿಳಿಯಿತು. ಕಾಶಿಗೆ ಹೋದವರು ಇಷ್ಟದ ಒಂದು ಹಣ್ಣು, ಒಂದು ತರಕಾರಿಯನ್ನು ಗಂಗೆಗೆ ಬಿಟ್ಟು ಬರುವುದನ್ನು ಅವಳೂ ಕೇಳಿಬಲ್ಲಳು. ಗಂಡ ಸಂಕಲ್ಪ ಮಾಡುವಾಗ ಹೆಂಡತಿ ಕೈ ಮುಟ್ಟಿ ನಿಲ್ಲುವುದನ್ನು ಊರಿನ ಪೂಜೆಗಳಲ್ಲಿ ನೋಡಿಬಲ್ಲಳು. ಆದರೆ ಹಾಗೆ ಕೈ ಮುಟ್ಟಿದ್ದಕ್ಕೆ ಒಬ್ಬರು ಏಳು ವರ್ಷ ಹಣ್ಣು ಬಿಟ್ಟಿದ್ದನ್ನು ಮಾತ್ರ ಕೇಳಿರಲಿಲ್ಲ.

"ನಿಮಗೆ ಸೀಬೆ ಇಷ್ಟಾನಾ ಅಮ್ಮ?"

"ಇಷ್ಟ ಅಂದ್ರೆ? ಸ್ಟೇಷನ್ ಆಚೆ ತಳ್ಳುಗಾಡಿ ನಿಲ್ಲುತ್ತಲ್ಲ, ನಾಲ್ಕು ಸೀಳು ಮಾಡಿ, ಉಪ್ಪು ಖಾರದಪುಡಿ ಬಳಿದು ಕೊಡ್ತಾನೆ. ಮುಂಚೆ ಡ್ಯೂಟಿ ಮುಗಿಸಿ ಹೋಗೋವಾಗ ದಿನಾ ಒಂದು. ಈಗ ಆ ಗಾಡಿ ಕಂಡ್ರೆ ರಸ್ತೆಯ ಆಚೆ ಬದಿಗೆ ಹೋಗ್ತೀನಿ. ಬೇರೆಯವರಿಗೆ ಹೆಚ್ಚಿ ಕೊಡುವಾಗ ವಾಸನೆಯಾದ್ರೂ ಸಿಗುತ್ತೆ ಅಂತ ಸಮಾಧಾನ."

ಶ್ರೀಕಾಂತರ ಮುಖ ಬಾಡಿತ್ತು. "ನಾಗೂ, ಒಂದು ಮಾತು. ಸಿಟ್ಟಾಗಬೇಡ. ಇಷ್ಟವಾದ್ದನ್ನ ಬಿಡಿ ಅಂದ್ರು ಪುರೋಹಿತರು. ನನಗೆ ಸೀಬೆ ಯಾವತ್ತೂ ಇಷ್ಟ ಇರಲಿಲ್ಲ. ಬೀಜ ಹಲ್ಲಿನ ಸೆಟ್ಟೊಳಗೆ ಸೇರಿಕೊಂಡು ಪ್ರಾಣ ಹಿಂಡ್ತಿತ್ತು. ಹೆಂಗೂ ಬಿಡಬೇಕಲ್ಲ, ಇದನ್ನೇ ಬಿಟ್ಟರಾಯ್ತು ಅಂತ..."

"ತರಕಾರಿ ಯಾವುದು ಬಿಟ್ರಿ ಅಂಕಲ್?" ಕೇಳಬಾರದೆಂದುಕೊಂಡೇ ವೀಕ್ಷಾ ಕೇಳಿಬಿಟ್ಟಳು.

"ಸೀಮೆಬದನೆಕಾಯಿ."

"ಅದು ಇಷ್ಟ ಇತ್ತಾ?"

ಶ್ರೀಕಾಂತ್ ಸೀಲಿಂಗು ನೋಡಿದರು.

"ಸೀಮೆಬದನೆ ಹೋಗಿದ್ದಕ್ಕೆ ನನಗೇನೂ ದುಃಖ ಇಲ್ಲ," ಎಂದರು ನಾಗಮಣಿ. ದನಿ ತಣ್ಣಗಿತ್ತು. ಎದ್ದು ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು. ಪಾತ್ರೆಗಳ ಸದ್ದು ಮಾತ್ರ ಬಹಳ ಹೊತ್ತು ಕೇಳಿತು.

ವೀಕ್ಷಾ ಬಾಗಿಲವರೆಗೆ ಹೋಗಿ ನಿಂತು, "ಅಮ್ಮ, ಸೀಬೆಯೇ ಆಗಬೇಕು ಅಂತಿಲ್ಲ. ನೆಲ್ಲಿಕಾಯಿ ಆಗುತ್ತೆ, ನಿಂಬೆಹಣ್ಣು ಆಗುತ್ತೆ," ಎಂದಳು. ಅದು ನಿಜವೂ ಆಗಿತ್ತು. "ಹುಳಿ ಮುಟ್ಟಿದ್ರೆ ಎದೆ ಉರಿಯುತ್ತೆ ನಂಗೆ," ಎಂದು ಒಳಗಿನಿಂದ ಉತ್ತರ ಬಂತು. ಮತ್ತೆ ಪಾತ್ರೆಯ ಸದ್ದು.

ವಾರ ಕಳೆಯುವುದರೊಳಗೆ ಶ್ರೀಕಾಂತರ ಫೋನು ಬಂತು.

"ಮಗೂ, ಮನೇಲಿ ಎನ್‌ಕ್ವೈರಿ ಕೌಂಟರ್ ತೆರೆದಿದ್ದಾಳಮ್ಮ ಇವಳು! ಬಾಯಿಬಿಟ್ಟು ಬೈದಿದ್ರೆ ಚೆನ್ನಾಗಿರೋದು. 'ಹೇಳಿ ಸಾರ್, ಏನು ಬೇಕಾಗಿತ್ತು? ಸಾರು ಇನ್ನು ಹತ್ತು ನಿಮಿಷ ತಡ ಸಾರ್, ದಯವಿಟ್ಟು ಕಾಯಿರಿ.' ಹಿಂಗೆ ಮಾತಾಡ್ತಾಳೆ ನನ್ನ ಹತ್ರ. ಮೂವತ್ತೈದು ವರ್ಷ ಸಂಸಾರ ಮಾಡಿದೋನ್ನ ಪ್ಯಾಸೆಂಜರ್ ಮಾಡಿಬಿಟ್ಟಳು."

ವೀಕ್ಷಾ ನಗು ತಡೆದಳು. "ಹಣ್ಣು ತಿಂತಿದಾರಾ?"

"ಎಲ್ಲಿ? ನಾನು ಬಿಟ್ಟಿದ್ದೇ ಸುಳ್ಳು, ನೀನು ಧಾರಾಳವಾಗಿ ತಿನ್ನು ಅಂದೆ. ನಿಮ್ಮದು ಸುಳ್ಳಿರಬಹುದು, ನಾನು ಕೈ ಮುಟ್ಟಿದ್ದು ಸುಳ್ಳಲ್ಲ ಅಂತಾಳೆ. ಗಂಗೆಗೆ ಕೊಟ್ಟಿದ್ದನ್ನ ಬರಿಗೈಯಲ್ಲಿ ವಾಪಸ್ ಕೇಳೋಕಾಗಲ್ಲವಂತೆ. ಅದರ ಬದಲು ನಿಜವಾಗಿ ಇಷ್ಟ ಇರೋದನ್ನ ನಾನು ಕೊಟ್ಟರೆ ಆಗ ನೋಡೋಣವಂತೆ. ಅದಕ್ಕೇ ಮಾವಿನಹಣ್ಣು ಬಿಡ್ತೀನಿ ಅಂದ್ಕೊಂಡೆ." ಪ್ಯಾರೀಸ್ ಕಾರ್ನರಿನ ಅಂಗಡಿಗಳಿಗೆ ಮೊದಲ ಬಂಗನಪಲ್ಲಿ ಮಾವು ಬಂದಿದೆಯಂತೆ ಎಂದು ಅವರೇ ಸೇರಿಸಿದರು.

ಹಿರಿಯರಿಗೆ ಹೇಳುವುದು ಹೇಗೆ ಎಂದು ವೀಕ್ಷಾಳಿಗೆ ಹಿಂಜರಿಕೆಯಾಯಿತು. ಆದರೆ ಜೂನ್ ಹತ್ತಿರ ಬರುತ್ತಿತ್ತು.

"ಅಂಕಲ್, ಮಾವು ಬಿಟ್ರೆ ಅಮ್ಮನ ರಕ್ತಕ್ಕೆ ಲಾಭ ಇಲ್ಲ. ಬಿಡೋದಾದ್ರೆ ಕಾಫಿ ಬಿಡಿ."

"ಕಾಫಿ? ಹಣ್ಣು ಬಿಡಬೇಕಮ್ಮ. ಕಾಫಿ ಹಣ್ಣಾ?"

"ಹೂಂ, ಹಣ್ಣೇ. ನಾವು ಪುಡಿ ಮಾಡೋದು ಅದರ ಬೀಜಾನ. ಬಿಳಿಗಿರಿರಂಗನ ಬೆಟ್ಟದಲ್ಲಿ ನಮ್ಮತ್ತೆ ತೋಟದ ಕೆಲಸಕ್ಕೆ ಹೋಗೋರು. ಗಿಡದಲ್ಲಿ ಕೆಂಪಗೆ ಗೊಂಚಲಾಗಿ ಬಿಟ್ಟಿರುತ್ತೆ. ಚಿಕ್ಕೋರಿದ್ದಾಗ ನಾವು ಚೀಪ್ತಿದ್ದೆವು, ಸಿಹಿಯಾಗಿರುತ್ತೆ. ನೀವು ಬಿಟ್ರೆ ಊಟ ಆದ ಕೂಡಲೇ ಮನೇಲಿ ಕಾಫಿ ಮಾಡೋರು ಯಾರೂ ಇರಲ್ಲ. ಅಮ್ಮನೂ ಕುಡಿಯಲ್ಲ."

"ಮಾವೇ ಆಗಬಹುದಿತ್ತು," ಎಂದಿತು ಆ ಕಡೆಯಿಂದ ಒಂದು ಸಣ್ಣ ದನಿ.

ಯುಗಾದಿಯ ದಿನ ಬೆಳಿಗ್ಗೆ ವೀಕ್ಷಾಳಿಗೆ ಕರೆ ಬಂದಿತ್ತು. ಅವಳು ಹೋಗುವಷ್ಟರಲ್ಲಿ ಶ್ರೀಕಾಂತ್ ಮಡಿಪಂಚೆ ಉಟ್ಟು ದೇವರ ಮುಂದೆ ಕೂತಿದ್ದರು. ಎದುರಿಗೆ ಕಾಶಿಯಿಂದ ತಂದ ತಾಮ್ರದ ಗಂಗೆಯ ಗಿಂಡಿ. ಬಾಯಿ ಬೆಸುಗೆ ಹಾಕಿದ್ದು, ಇನ್ನೂ ಒಡೆದಿರಲಿಲ್ಲ.

"ಅದನ್ನ ಒಡೀತೀರಾ?" ನಾಗಮಣಿ ಬಾಗಿಲಲ್ಲೇ ನಿಂತರು. ಕೌಂಟರಿನ ದನಿ ಮಾಯವಾಗಿತ್ತು. "ಕೊನೆಗಾಲಕ್ಕೆ ಬಾಯಿಗೆ ಬಿಡೋಕೆ ಅಂತ ಇಟ್ಟಿದ್ದಲ್ವಾ?"

"ಕೊನೆಗಾಲಕ್ಕೆ ಇನ್ನೊಂದು ತಂದ್ರಾಯ್ತು. ನಿನಗೆ ರೈಲ್ವೆ ಪಾಸ್ ಇದೆಯಲ್ಲ." ಶ್ರೀಕಾಂತ್ ಮೊಳೆಯಿಟ್ಟು ಒಂದೇಟು ಹೊಡೆದರು. ನೀರು ಅಂಗೈಗೆ ಬಗ್ಗಿಸಿಕೊಂಡು ಕಣ್ಣು ಮುಚ್ಚಿದರು. ನಾಗಮಣಿ ಅಭ್ಯಾಸಬಲದಿಂದ ಪಕ್ಕಕ್ಕೆ ಬಂದು ಕೈ ಮುಟ್ಟಲು ಬಾಗಿದರು.

"ಮುಟ್ಟಬೇಡ! ದೂರ ನಿಲ್ಲು. ಈ ಸಲದ್ದು ನನ್ನೊಬ್ಬನದು."

ನಾಗಮಣಿ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡರು.

"ಊಟದ ಮೇಲಿನ ಕಾಫಿ..." ಎಂದು ಶುರುಮಾಡಿದರು ಶ್ರೀಕಾಂತ್. ಹಿಂದಿನಿಂದ ನಾಗಮಣಿ ಕೆಮ್ಮಿದರು. ಅವರು ಉಸಿರು ಎಳೆದುಕೊಂಡರು. "ಕಾಫಿ. ಪೂರ್ತಿ ಬಿಟ್ಟೆ. ಸೀಬೆಹಣ್ಣನ್ನ ನನ್ನ ಹೆಂಡತಿಗೆ ವಾಪಸ್ ಕೊಡು ತಾಯಿ." ನೀರನ್ನು ಹರಿವಾಣಕ್ಕೆ ಬಿಟ್ಟರು.

ಬೇವು ಬೆಲ್ಲ ಆಯಿತು. ಒಬ್ಬಟ್ಟು ಬಡಿಸುವ ಮೊದಲೇ ನಾಗಮಣಿ ಅಡುಗೆಮನೆಯಿಂದ ಒಂದು ಸೀಬೆಹಣ್ಣು ತಂದರು. ಹೆಚ್ಚಲಿಲ್ಲ, ಉಪ್ಪು ಖಾರ ಹಾಕಲಿಲ್ಲ. ಸೀರೆಯ ಸೆರಗಿಗೆ ಒರೆಸಿ ಹಾಗೇ ಕಚ್ಚಿದರು. ಒಂದೇ ಬಾಯಿಗೆ ಅರ್ಧ ಹಣ್ಣು ಹೋಯಿತು. ಬೀಜ ಕಟಕಟ ಎನ್ನುವ ಸದ್ದು ಕೇಳಿ ಶ್ರೀಕಾಂತ್ ತಮ್ಮ ದವಡೆ ಹಿಡಿದುಕೊಂಡರು.

"ಹೆಂಗಿದೆ ಅಮ್ಮ?" ವೀಕ್ಷಾ ಕೇಳಿದಳು.

ಬಾಯಿ ತುಂಬಿದ್ದ ನಾಗಮಣಿ ಕೈಯಲ್ಲೇ ತಡೆ ತಡೆ ಎಂದರು. ನುಂಗಿದ ಮೇಲೆ ಹೇಳಿದ್ದೂ ಒಂದೇ ಮಾತು. "ಇನ್ನೊಂದು ತಾ."

ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಚೆನ್ನೈ ಬೇಯುತ್ತಿರುವಾಗ ಅಣ್ಣಾ ನಗರದ ಆ ಮನೆಯಲ್ಲಿ ಮಧ್ಯಾಹ್ನದ ಊಟದ ಜೊತೆ ಸೀಬೆ ಬರತೊಡಗಿತು. ಮಾತ್ರೆ ಬರೀ ನೀರಿನಲ್ಲಿ ಇಳಿಯತೊಡಗಿತು. ಕಾಫಿ ಬಿಟ್ಟ ಮೊದಲ ವಾರ ಶ್ರೀಕಾಂತರಿಗೆ ತಲೆನೋವು, ಎರಡನೆಯ ವಾರ ಎಲ್ಲರ ಮೇಲೂ ಸಿಡುಕು. ಆದರೂ ನಾಲ್ಕು ಗಂಟೆಗೆ ಹೆಂಡತಿಗೆ ಮಾತ್ರ ತಾವೇ ಡಿಕಾಕ್ಷನ್ ಇಳಿಸಿ ಕೊಡುತ್ತಿದ್ದರು. ನಾಗಮಣಿ ಕುಡಿಯುವಾಗ ಪಕ್ಕದಲ್ಲಿ ಕೂತು ಅದರ ಘಮವನ್ನು ಮೂಗಿನಲ್ಲಿ ಕುಡಿಯುವುದು ತಪ್ಪಲ್ಲವಷ್ಟೇ ಎಂದು ವೀಕ್ಷಾಳನ್ನು ಫೋನಿನಲ್ಲಿ ಕೇಳಿದರು. ಅದರಲ್ಲಿ ಕ್ಯಾಲೊರಿಯಿಲ್ಲ ಎಂದಳು ವೀಕ್ಷಾ.

ಮೇ ಕೊನೆಯ ವಾರ ನಾಗಮಣಿ ಆಸ್ಪತ್ರೆಯ ರಕ್ತನಿಧಿಗೆ ಬಂದರು. ಜೊತೆಗೆ ಶ್ರೀಕಾಂತ್. ಡ್ಯೂಟಿಗೆ ರಜೆ ಹಾಕಿ ಅಭಿಲಾಷ್ ಕೂಡ ಬಂದಿದ್ದ. ಇಲ್ಲಿ ನೀಲಿ ದ್ರವವಿರಲಿಲ್ಲ. ಸಣ್ಣ ಯಂತ್ರವೊಂದು ಹನಿ ರಕ್ತ ತೆಗೆದುಕೊಂಡು ಸಂಖ್ಯೆ ತೋರಿಸುತ್ತಿತ್ತು. ವೀಕ್ಷಾ ಅದರ ಮೇಲೇ ಕಣ್ಣಿಟ್ಟಳು. ಇವತ್ತು ಆಗದಿದ್ದರೆ ಇನ್ನು ಯಾವತ್ತೂ ಇಲ್ಲ.

"ಹನ್ನೆರಡು ಪಾಯಿಂಟ್ ಎಂಟು," ಎಂದರು ನರ್ಸು ತಮಿಳಿನಲ್ಲಿ. "ವಾಂಗಮ್ಮಾ, ಪಡುಂಗ."

ನಾಗಮಣಿ ಮಲಗಲು ಹೋಗಲಿಲ್ಲ. ನಿಂತಲ್ಲೇ ವೀಕ್ಷಾಳ ಎರಡು ಕೆನ್ನೆಯನ್ನೂ ಸವರಿ ನೆಟಿಕೆ ಮುರಿದರು. "ನಿನ್ನ ಸೀಬೆ ಗೆದ್ದಿತು ಕಣೇ."

"ಸೀಬೆಯೊಂದೇ ಅಂತ ಹೇಳೋಕಾಗಲ್ಲ ಅಮ್ಮ. ಮಾತ್ರೆ ಇರಬಹುದು, ಕಾಫಿ ಬಿಟ್ಟಿದ್ದು ಇರಬಹುದು. ಮೂರೂ ಸೇರಿ..."

"ಆಯ್ತು ಸುಮ್ಮನಿರು. ಒಂದು ದಿನಕ್ಕಾದ್ರೂ ಪೂರ್ತಿ ಹೊಗಳಿಸ್ಕೋ."

ಮಂಚದ ಮೇಲೆ ಮಲಗಿ, ಕೈಯಲ್ಲಿ ರಬ್ಬರ್ ಚೆಂಡು ಹಿಸುಕುತ್ತಾ, ನಾಗಮಣಿ ತುಂಬುತ್ತಿದ್ದ ಚೀಲವನ್ನೇ ನೋಡುತ್ತಿದ್ದರು. ಇದು ಯಾರಿಗೆ ಹೋಗುತ್ತದೆ ಎಂದು ಕೇಳಿದರು. ಹಾಗೆ ಹೇಳುವಂತಿಲ್ಲ ಎಂದರು ನರ್ಸು. "ಗೊತ್ತು, ಸುಮ್ಮನೆ ಕೇಳಿದೆ," ಎಂದು ನಕ್ಕರು. ಎದ್ದ ಮೇಲೆ ಕೊಟ್ಟ ಬಿಸ್ಕತ್ತು ತಿಂದರು, ಹಣ್ಣಿನ ರಸ ಕುಡಿದರು. ಅಭಿಲಾಷ್ ಇನ್ನೂ ಹತ್ತು ನಿಮಿಷ ಕೂತಿರಿ ಎಂದ. ಶ್ರೀಕಾಂತ್ ಬ್ಯಾಗು ಹಿಡಿದರು. ನಾಗಮಣಿ ಗಡಿಯಾರ ನೋಡಿ, ನಾಳೆ ಬೆಳಗಿನ ಪಾಳಿ ಇದೆ, ಬೇಗ ಮಲಗಬೇಕು ಎಂದು ಎಲ್ಲರನ್ನೂ ಹೊರಡಿಸಿದರು.

ಜೂನಿಗೆ ಅವರಿಗೆ ಅರವತ್ತಾಯಿತು, ಅದೇ ತಿಂಗಳ ಕೊನೆಗೆ ನಿವೃತ್ತರಾದರು. ಈಗ ಅವರು ಗಂಡನೊಂದಿಗೆ ಅಣ್ಣಾ ನಗರದಲ್ಲೇ ಇದ್ದಾರೆ. ನಾಲ್ಕು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಸಾಕಷ್ಟಿದ್ದಾಗ ರಕ್ತ ಕೊಡುತ್ತಾರೆ. ಆಸ್ಪತ್ರೆಯ ಶಿಬಿರ ನಡೆಯುವ ಶನಿವಾರಗಳಲ್ಲಿ ಹೆಸರು ಬರೆಸುವ ಮೇಜಿನಲ್ಲಿ ಕೂತು, ಬಂದವರು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾರೆ.